ಏಳನೆಯ ನಂಬರಿನ ಕಲ್ಲು

ನಮ್ಮ ಸರ್ ಅವರ ಬೆನ್ನು ವಯಸ್ಸಿಗೆ ಬಾಗಿದ್ದು ಎಂದು ಎಲ್ಲರೂ ತಿಳಿದಿದ್ದರು. ನೀರಿನ ಮಟ್ಟ ನೋಡಿ ನೋಡಿ ಬಾಗಿದ್ದು ಎಂದು ನನಗೆ ಗೊತ್ತು. ಮೇಜಿನ ಮೇಲೆ ಅಳತೆ ಜಾಡಿ ಬಂತೆಂದರೆ ಸಾಕು, ಪೆನ್ನನ್ನು ಕಿವಿಗೆ ಸಿಕ್ಕಿಸಿ, ಎಡಗೈಯನ್ನು ಮೊಣಕಾಲಿಗೆ ಊರಿ, ಗದ್ದ ಮೇಜಿಗೆ ತಾಗುವಷ್ಟು ಕೆಳಗಿಳಿಯುತ್ತಿದ್ದರು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುತ್ತಿದ್ದರು. ನಿಂತುಕೊಂಡು ಮೇಲಿನಿಂದ ಓದುವ ಮಕ್ಕಳಿಗೆ ಒಂದೇ ಮಾತು: "ನೀರು ನಿಮ್ಮ ಕಣ್ಣಿನ ತನಕ ಬರಲ್ಲ. ನೀವೇ ಕಣ್ಣು ಕೆಳಗ ತರ್ರಿ."

ಅವರು ತೀರಿಕೊಂಡು ಎರಡು ತಿಂಗಳಾಯಿತು. ಈಗಲೂ ಲ್ಯಾಬಿನ ಕದ ತೆರೆದಾಗ ಕಿಟಕಿಯ ಹತ್ತಿರದ ಮೇಜಿಗೆ ಯಾರೋ ಬಗ್ಗಿದಂತೆ ಕಾಣುತ್ತದೆ. ನೋಡಿದರೆ ತಕ್ಕಡಿಯ ಪೆಟ್ಟಿಗೆಯ ಮೇಲೆ ಹೊದಿಸಿದ ಬಟ್ಟೆ. ದಿನಾಲೂ ಆ ಬಟ್ಟೆಯನ್ನು ಹೊದಿಸುವವಳು ನಾನೇ. ಆದರೂ ದಿನಾಲೂ ಒಂದು ಕ್ಷಣ ಬಾಗಿಲಲ್ಲೇ ನಿಲ್ಲುತ್ತೇನೆ.

ಗಂಡ ತೀರಿಕೊಂಡ ಮೇಲೆ ನನಗೆ ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ವಿಜ್ಞಾನವೆಂದರೆ ನನಗೆ ಒರೆಸಿಡುವ ಗಾಜಿನ ಸಾಮಾನು ಅಷ್ಟೇ ಆಗಿತ್ತು. ಸರ್ ದಿನಾಲೂ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದರು. ಅವರ ಮನೆತನ ಎಷ್ಟು ತಲೆಮಾರಿನಿಂದ ಆ ಊರಲ್ಲಿದೆಯೋ ಅವರಿಗೇ ಗೊತ್ತಿರಲಿಲ್ಲ. ಕೇಳಿದರೆ, "ಕಿಲ್ಲಾದ ಕಲ್ಲಿಗಿ ಕೇಳ್ರಿ ಬಾಯಿ, ಅದಕ್ಕ ನೆನಪಿರ್ತದ," ಅನ್ನುತ್ತಿದ್ದರು. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ನನ್ನನ್ನು ಕೊನೆಯ ತನಕ ಬಾಯಿ ಎಂದೇ ಕರೆದರು. ಒಂದು ದಿನವೂ ಏಕವಚನದಲ್ಲಿ ಮಾತಾಡಲಿಲ್ಲ.

ಘನವಸ್ತುಗಳ ಸಾಂದ್ರತೆಯ ಪಾಠ ಬಂತೆಂದರೆ ಅವರಿಗೆ ಹಬ್ಬ. ವಸ್ತುವಿನ ರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ, ಪುಸ್ತಕದಲ್ಲಿ ಅದು ಒಂದೇ ಸಾಲು. ಅವರಿಗೆ ಅದು ಹದಿನೈದು ದಿನದ ಕೆಲಸ. ಸಾಬೂನು, ಸೀಮೆಸುಣ್ಣ, ಮಾವಿನ ಗೊರಟ, ಕೈಗೆ ಸಿಕ್ಕಿದ್ದೆಲ್ಲ ತಕ್ಕಡಿಗೆ ಹೋಗುತ್ತಿತ್ತು. ತೇಲುವ ಮೇಣದಬತ್ತಿಯನ್ನು ಸೂಜಿಯಿಂದ ಒತ್ತಿ ಮುಳುಗಿಸಿ ಅಳೆಯುತ್ತಿದ್ದರು. ಒಮ್ಮೆ ಬೆಲ್ಲದ ತುಂಡು ತಂದರು. ನೀರಿಗೆ ಹಾಕಿದರೆ ಕರಗುತ್ತದಲ್ಲ, ಅದಕ್ಕೆ ಜಾಡಿಗೆ ನೀರಿನ ಬದಲು ಕುಸುಬೆ ಎಣ್ಣೆ ಸುರಿದು ಅದರಲ್ಲಿ ಬೆಲ್ಲ ಬಿಟ್ಟು ಗಾತ್ರ ತೆಗೆದರು. ಲೆಕ್ಕ ಮುಗಿದ ಮೇಲೆ ಎಣ್ಣೆ ಸುರಿಯುವ ಆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, "ಪ್ರ್ಯಾಕ್ಟಿಕಲ್ ಖತಂ," ಅಂದರು. ಮಕ್ಕಳು ಬೆಂಚು ಬಡಿದು ನಕ್ಕರು.

ತಮ್ಮ ಮೈಯನ್ನೂ ಬಿಡಲಿಲ್ಲ. ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ತೂಗುವ ಕಾಟಾದ ಮೇಲೆ ನಿಂತು ತೂಕ ನೋಡಿಕೊಂಡು, ಮನೆಯ ನೀರಿನ ಟಾಕಿಯನ್ನು ಅಂಚಿನವರೆಗೆ ತುಂಬಿಸಿ, ಅದರಲ್ಲಿ ತಲೆಸಹಿತ ಮುಳುಗಿ ಎದ್ದರಂತೆ. ಹೊರಚೆಲ್ಲಿದ ಜಾಗವನ್ನು ಮತ್ತೆ ತುಂಬಲು ಎಷ್ಟು ಬಕೀಟು ಹಿಡಿಯಿತೋ ಅದೇ ಅವರ ಗಾತ್ರ. ಅವರ ಹೆಂಡತಿ ಮನೆಯಲ್ಲಿ ನೀರು ಹರಿದಾಡಿದ್ದನ್ನು ನೋಡಿ ಎರಡು ದಿನ ಮಾತು ಬಿಟ್ಟರಂತೆ. ಸರ್ ಮಾತ್ರ ಕರಿಹಲಗೆಯ ಮೇಲೆ ಉತ್ತರ ಬರೆದು ಹೇಳಿದರು: "ಮನುಷ್ಯಾ ಹೆಚ್ಚು ಕಡಿಮಿ ನೀರಿನಷ್ಟೇ. ಉಸಿರು ಒಳಗಿದ್ರ ತೇಲ್ತಾನ, ಬಿಟ್ರ ಮುಳುಗ್ತಾನ. ಇಷ್ಟೇ ಫರಕ್."

ಅವರನ್ನು ಮಣ್ಣು ಮಾಡಿದ ಮೇಲೆ ನನಗೆ ಸುದ್ದಿ ಬಂತು. ಕೇಳಿದಾಗ ನನಗೆ ನೆನಪಾದದ್ದು ಈ ಮಾತು.

ಇಷ್ಟು ಬರೆದು ಬಿಡಬಹುದಿತ್ತು. ಆದರೆ ಕಾಣದ್ದನ್ನು ಬರೆಯುವುದು ಒಂದು ತಪ್ಪು, ಕಂಡದ್ದನ್ನು ಬರೆಯದಿರುವುದು ಇನ್ನೊಂದು ತಪ್ಪು ಎಂದು ಹೇಳಿದವರೂ ಅವರೇ. ಹಾಗಾಗಿ ಕೆಂಪು ಕಲ್ಲಿನ ವಿಷಯ ಬರೆಯಲೇಬೇಕು.

ಲ್ಯಾಬಿನ ಪೆಟ್ಟಿಗೆಯಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ತುಂಡುಗಳಿದ್ದವು. ಸರ್‌ಗೆ ಅವು ಸಾಲಲಿಲ್ಲ. "ಊರ ಮಂದಿ ಊರ ಕಲ್ಲು ಅಳೀಬೇಕು," ಅಂದರು. ಪುಸ್ತಕದಲ್ಲಿ ಜಂಬಿಟ್ಟಿಗೆ ಅನ್ನುತ್ತಾರಲ್ಲ, ನಮ್ಮ ಕಡೆಯ ತೂತುತೂತಿನ ಕೆಂಪು ಕಲ್ಲು, ಅದರ ಒಂದೇ ದಿಮ್ಮಿಯಿಂದ ಜಾಡಿಯಲ್ಲಿ ಇಳಿಯುವಂಥ ಇಪ್ಪತ್ತನಾಲ್ಕು ಉದ್ದನೆಯ ತುಂಡು ಕಡಿಸಿ ಚೀಲದಲ್ಲಿ ತಂದರು. ಬಸ್ಸಿನಲ್ಲಿ ಕಂಡಕ್ಟರ್, "ಮಾಸ್ತರ, ಹುಮನಾಬಾದದಾಗ ಗ್ವಾಡಿ ಕಟ್ಟಾಕತ್ತೀರೇನ್ರಿ?" ಅಂದನಂತೆ. "ಹೌದಪಾ, ಮಕ್ಕಳ ತಲ್ಯಾಗ," ಅಂದರಂತೆ ಇವರು. ಒಂದೊಂದು ತುಂಡಿನ ಮೇಲೂ ಬಣ್ಣದಿಂದ ನಂಬರು ಬರೆದರು.

ಈ ಕಲ್ಲಿಗೆ ಒಂದು ಗುಣವಿದೆ. ಒಣಗಿದ್ದಾಗ ನೀರು ಕುಡಿಯುತ್ತದೆ. ಒಣ ಕಲ್ಲನ್ನು ಜಾಡಿಯ ನೀರಿಗೆ ಬಿಟ್ಟರೆ ಸಣ್ಣ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಕಿವಿ ಕೊಟ್ಟರೆ ಸದ್ದು ಕೇಳುತ್ತದೆ, ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂತೆ. ಕಲ್ಲು ಕುಡಿದಷ್ಟೂ ನೀರು ಇಳಿಯುತ್ತದೆ. ಆಗ ಗಾತ್ರ ಕಡಿಮೆ ಕಾಣುತ್ತದೆ, ಸಾಂದ್ರತೆ ಹೆಚ್ಚು ಬರುತ್ತದೆ. ಅದಕ್ಕೇ ಸರ್ ಈ ಪ್ರಯೋಗವನ್ನು ಎರಡು ದಿನ ಮಾಡಿಸುತ್ತಿದ್ದರು. ಮೊದಲ ದಿನ ಒಣ ಕಲ್ಲಿನ ತೂಕ. ಸಂಜೆ ಕಲ್ಲುಗಳೆಲ್ಲ ಬಕೀಟಿನ ನೀರಿಗೆ. ಮರುದಿನ ಹೊಟ್ಟೆ ತುಂಬಿದ ಕಲ್ಲನ್ನು ಒರೆಸಿ ಜಾಡಿಗೆ ಬಿಟ್ಟು ಗಾತ್ರ. ಸಂಜೆ ಕಲ್ಲು ನೆನೆಹಾಕುವ ಕೆಲಸ ನನ್ನದು.

ಹದಿನೈದು ವರ್ಷದ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಸವಿತಾ ಎಂಬ ಹುಡುಗಿ ಇದ್ದಳು. ದುಬಲಗುಂಡಿಯಿಂದ ಬರುತ್ತಿದ್ದಳು. ಅವಳಪ್ಪ ಟಂಟಂ ಆಟೊ ಓಡಿಸುತ್ತಿದ್ದ. ಕಲಿತದ್ದು ಸಾಕು ಎಂದು ಅವನು ಅನ್ನಲು ಶುರುಮಾಡಿ ವರ್ಷವಾಗಿತ್ತು. ಹುಡುಗಿಗೆ ಲ್ಯಾಬ್ ಅಂದರೆ ಜೀವ. ಸರ್ ಹಾಗೇ ಬಗ್ಗಿ, ಸರ್ ಹಾಗೇ ಒಂದು ಕಣ್ಣು ಮುಚ್ಚಿ ಓದುತ್ತಿದ್ದಳು. ಮಕ್ಕಳು ಅವಳನ್ನು ಚೋಟಾ ಸರ್ ಎಂದು ಕಾಡುತ್ತಿದ್ದರು.

ತೂಕದ ದಿನ ಸಂಜೆ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಸರದಲ್ಲಿ ಟ್ರೇ ಎತ್ತಿ ಕಲ್ಲುಗಳನ್ನು ಬಕೀಟಿಗೆ ಸುರಿದು ಬೀಗ ಹಾಕಿ ಹೋದೆ. ಮರುದಿನ ಗಂಟೆ ಹೊಡೆದ ಮೇಲೆ ಅವನ್ನು ಒಂದೊಂದಾಗಿ ತೆಗೆದು ಜೋಡಿಸುತ್ತಿದ್ದಾಗ ಆರರ ನಂತರ ಎಂಟು ಬಂತು. ಏಳು ಇಲ್ಲ. ತಕ್ಕಡಿಯ ಪೆಟ್ಟಿಗೆಯ ಹಿಂದೆ, ಕಿಟಕಿಯ ಕಟ್ಟೆಯ ಮೇಲೆ ಅದು ಒಣಗಿ ಕೂತಿತ್ತು. ಹೊರಗೆ ಮಕ್ಕಳ ಸದ್ದು ಬರುತ್ತಿತ್ತು. ಹಿಂದಿನ ವಾರವಷ್ಟೇ ಒಂದು ಗಾಜಿನ ಪಾತ್ರೆ ಒಡೆದು ಹೆಡ್‌ಮಾಸ್ತರರ ಹತ್ತಿರ ಬೈಸಿಕೊಂಡಿದ್ದೆ. ಕಲ್ಲನ್ನು ನಳದ ಕೆಳಗೆ ಹಿಡಿದೆ. ಮೇಲೆಲ್ಲ ತೋಯ್ದು ಉಳಿದವುಗಳಂತೆ ಕಪ್ಪುಗೆಂಪಾಯಿತು. ಆರು ಮತ್ತು ಎಂಟರ ನಡುವೆ ಇಟ್ಟೆ.

ಏಳು ಸವಿತಾಳ ನಂಬರು.

ಎಲ್ಲರ ಉತ್ತರ ಎರಡು ಪಾಯಿಂಟ್ ಒಂದರ ಆಸುಪಾಸು ಬಂತು. ಸವಿತಾ ಕೊನೆಗೆ ಎದ್ದಳು. "ಸರ್, ನಂದು ಎರಡು ಪಾಯಿಂಟ್ ಎಂಟು ಬಂದದ್ರಿ."

"ಒಂದೇ ದಿಮ್ಮಿ ಕಲ್ಲು. ನಿಂದೊಂದೇ ಹ್ಯಾಂಗ ಬ್ಯಾರೆ ಆಯ್ತು? ತೂಕ ಎಷ್ಟು?"

"ಎಂಬತ್ನಾಕು ಗ್ರಾಂ ರಿ. ನೀರು ನೂರು ಮಿಲಿ ಇತ್ತು. ಕಲ್ಲು ಬಿಟ್ಟ ಮ್ಯಾಗ ನೂರಾ ಮೂವತ್ತೆಂಟು ಆಯ್ತು, ಆಮ್ಯಾಗ ಇಳಕೋತ ಬಂತ್ರಿ. ನೀರು ನಿಂತ ಮ್ಯಾಗ ಓದ್ರಿ ಅಂತ ನೀವೇ ಹೇಳೀರಿ. ನಿಂತಾಗ ನೂರಾ ಮೂವತ್ತು ಇತ್ತು."

"ಇಳೀತು? ರಾತ್ರಿ ಪೂರಾ ನೆನೆದ ಕಲ್ಲು ಮತ್ತ ಕುಡೀತದೇನು? ಇಲ್ಲಾ ಜಾಡಿಗಿ ತೂತು ಬಿದ್ದದೇನು?"

ಹಿಂದಿನ ಬೆಂಚಿನಿಂದ ಒಬ್ಬ, "ಚೋಟಾ ಸರ್ ಕುಡದಿರ್ಬೇಕ್ರಿ ಸರ್!" ಅಂದ. ಲ್ಯಾಬಿಗೆ ಲ್ಯಾಬೇ ನಕ್ಕಿತು.

ಸರ್ ಅನ್ಯಾಯ ಮಾಡುವವರಲ್ಲ. "ಬಾ, ಎಲ್ಲಾರ ಮುಂದ ಮತ್ತೊಮ್ಮೆ ನೋಡೋಣ," ಎಂದು ಕಲ್ಲನ್ನು ಹೊರತೆಗೆದು, ಒರೆಸಿ, ಜಾಡಿಗೆ ಹೊಸದಾಗಿ ನೂರು ನೀರು ಸುರಿದು, ಕಲ್ಲು ಬಿಟ್ಟರು. ಅಷ್ಟರಲ್ಲಿ ಕಲ್ಲು ತನಗೆ ಬೇಕಾದಷ್ಟು ಕುಡಿದಾಗಿತ್ತು. ನೀರು ನೂರಾ ನಲವತ್ತಕ್ಕೆ ಏರಿ ಅಲ್ಲೇ ನಿಂತಿತು. ಎಂಬತ್ತನಾಲ್ಕನ್ನು ನಲವತ್ತರಿಂದ ಭಾಗಿಸಿದರೆ ಎರಡು ಪಾಯಿಂಟ್ ಒಂದು.

"ಈಗ ಯಾಕ ಇಳೀಲಿಲ್ಲ?" ಅಂದರು.

ಹುಡುಗಿ ಮತ್ತೆ ಜಾಡಿಗೆ ಬಗ್ಗಿ ನೋಡಿದಳು. ಉತ್ತರ ನನ್ನ ಹತ್ತಿರ ಇತ್ತು. ನಾನು ಒರೆಸುವ ಬಟ್ಟೆ ಹಿಡಿದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

"ಲೆಕ್ಕ ತಪ್ಪಿದ್ರ ಮಾಫ್. ಕಾಣಲಾರದ್ದು ಬರದ್ರ ಅದು ತಪ್ಪಲ್ಲ, ಖೋಟಾ," ಎಂದು ಅವಳ ರೆಕಾರ್ಡ್ ಪುಸ್ತಕದ ಆ ಹಾಳೆಯನ್ನು ಹರಿದು ತೆಗೆದುಕೊಂಡರು.

"ಖೋಟಾ ಅಲ್ರಿ ಸರ್. ನಾ ಕಂಡಿದ್ದೇ ಬರದೀನಿ." ಅವಳು ಅಳಲಿಲ್ಲ. ಅಳದೇ ಇದ್ದದ್ದು ಅವರ ಸಿಟ್ಟನ್ನು ಹೆಚ್ಚಿಸಿತು. ಹೊರಗೆ ನಿಲ್ಲು ಅಂದರು. ಗಂಟೆ ಹೊಡೆಯುವವರೆಗೂ ಅವಳು ವರಾಂಡದಲ್ಲಿ ನಿಂತಿದ್ದಳು. ನಾನು ನೀರು ಚೆಲ್ಲಲು ಹೋದಾಗ ನನ್ನ ಕಡೆ ನೋಡಿ, "ಬಾಯಿ, ನೀರು ಖರೇ ಇಳದಿತ್ರಿ," ಅಂದಳು. "ಇರಲಿ ಬಿಡವ್ವಾ," ಎಂದೆ.

ಸೋಮವಾರದಿಂದ ಅವಳು ಬರಲಿಲ್ಲ. ಶಾಲೆಯಲ್ಲಿ ನಿನ್ನನ್ನು ಸುಳ್ಳಿ ಅಂದರಲ್ಲ, ಅಷ್ಟು ದೂರ ಇದಕ್ಕೆ ಹೋಗುತ್ತೀಯಾ ಎಂದು ಅಪ್ಪ ಬಿಡಿಸಿದ ಎಂದು ಅವಳ ಊರಿನ ಮಕ್ಕಳು ಹೇಳಿದರು. ಅವನಿಗೆ ಒಂದು ನೆಪ ಬೇಕಾಗಿತ್ತು, ಅದನ್ನು ಕೊಟ್ಟವಳು ನಾನು.

ಸರ್ ಅವರನ್ನು ಆ ನೂರಾ ಮೂವತ್ತು ಬಿಡಲಿಲ್ಲ. ಹತ್ತು ಹನ್ನೆರಡು ದಿನದ ಮೇಲೆ, ಮಕ್ಕಳೆಲ್ಲ ಊಟಕ್ಕೆ ಹೋದಾಗ, ಒಣಗಿದ್ದ ಏಳನೆಯ ಕಲ್ಲನ್ನು ಒಬ್ಬರೇ ಜಾಡಿಗೆ ಬಿಟ್ಟು ಬಗ್ಗಿ ಕೂತಿದ್ದರು. ನಾನು ಕಸಬರಿಗೆ ಹಿಡಿದು ಬಾಗಿಲಿಗೆ ಬಂದೆ. ಗುಳ್ಳೆಗಳ ಸದ್ದು ಬಾಗಿಲಿನ ತನಕ ಕೇಳಿಸಿತು. ಅಥವಾ ನನಗೆ ಹಾಗೆನಿಸಿತು. ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಮುಖ ಬೇರೆಯಾಗಿತ್ತು.

"ಬಾಯಿ, ಆ ಹುಡುಗಿ ಸುಳ್ಳು ಬರದಿಲ್ರಿ."

ನಾನು ಹೊಸ್ತಿಲು ಗುಡಿಸತೊಡಗಿದೆ.

"ಅವತ್ತು ಕಲ್ಲು ಎಲ್ಲಾ ಬಕೀಟಿನ್ಯಾಗ ಇದ್ವು, ಅಲ್ರಿ?"

"ಹೌದ್ರಿ ಸರ್. ಎಲ್ಲಾ ಇದ್ವು."

ಅವರು ನನ್ನನ್ನು ನೋಡಿದರು. ಎರಡೂ ಕಣ್ಣು ತೆರೆದು ನೋಡಿದರು. "ಹಾಂಗಾರ ನಾನೇ ಎಲ್ಲ್ಯೋ ತಪ್ಪೀನಿ," ಎಂದು ಕಲ್ಲನ್ನು ಒರೆಸತೊಡಗಿದರು.

ಆ ಭಾನುವಾರ ದುಬಲಗುಂಡಿಗೆ ಹೋಗಿದ್ದರಂತೆ. ಮನೆಗೆ ಕೀಲಿ. ಹುಡುಗಿಯನ್ನು ಬಸವಕಲ್ಯಾಣದ ಅಜ್ಜಿಯ ಮನೆಗೆ ಕಳಿಸಿದ್ದಾರೆ ಅಂದರಂತೆ, ಯಾವ ಓಣಿ ಎಂದು ಯಾರಿಗೂ ಗೊತ್ತಿರಲಿಲ್ಲ. "ನಮ್ಮೂರಾಗೇ ಅದಾಳ ಬಾಯಿ, ಸಿಗವಲ್ಳು," ಎಂದು ಒಂದೇ ಸಲ ನನ್ನ ಮುಂದೆ ಅಂದರು. ಆಮೇಲೆ ಆ ಹೆಸರು ತೆಗೆಯಲಿಲ್ಲ.

ಮರುವರ್ಷ ಅದೇ ಪಾಠ ಬಂತು. ಸಂಜೆ ನಾನು ಬಕೀಟಿಗೆ ಕೈ ಹಾಕಿದೆ. "ಇರಲಿ ಬಾಯಿ, ನಾನೇ ಹಾಕ್ತೀನಿ," ಅಂದರು. ತೋಳು ಮಡಚಿ, ಒಂದು, ಎರಡು ಎಂದು ಬಾಯಿಬಿಟ್ಟು ಹೇಳುತ್ತಾ ಕಲ್ಲುಗಳನ್ನು ಇಳಿಸಿದರು. ಏಳಕ್ಕೆ ಬಂದಾಗ ದನಿ ಎತ್ತರಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಅವರ ಬಸ್ಸು ಹೋಗಿತ್ತು. ಮುಂದಿನದಕ್ಕೆ ಕಾದರು. ನಿವೃತ್ತಿಯಾಗುವ ತನಕ ಪ್ರತಿ ವರ್ಷ ಹೀಗೇ. ನನ್ನ ಸೊಂಟನೋವು ನೋಡಿ ಮಾಡುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ. ಮಕ್ಕಳಿಗೆ ಪ್ರತಿ ವರ್ಷ ಒಂದು ಮಾತು ಹೇಳುತ್ತಿದ್ದರು: "ಒಬ್ಬಾಕಿ ನೀರು ಇಳದದ್ದು ನೋಡಿ ಬರದಿದ್ಳು. ನಾ ನಂಬಲಿಲ್ಲ. ನಿಮ್ಮ ನಂಬರ್ ಎಲ್ಲಾರಕಿಂತ ಬ್ಯಾರೆ ಬಂದ್ರ ಅಳಿಸಬ್ಯಾಡ್ರಿ. ನನಗ ತೋರಸ್ರಿ." ಆಗೆಲ್ಲ ನಾನು ಏನಾದರೂ ನೆಪ ಮಾಡಿ ಹೊರಗೆ ಹೋಗುತ್ತಿದ್ದೆ.

ಹೇಳಬೇಕು ಎಂದು ಎಷ್ಟೋ ಸಲ ಬಾಯಿಗೆ ಬಂದಿದೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಲ್ಯಾಬಿಗೆ ಬಂದರು. ತಕ್ಕಡಿಯ ಮೇಲೆ ಕೈಯಾಡಿಸಿದರು. ಕಲ್ಲಿನ ಚೀಲದಿಂದ ಏಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ಬಾಯಿ, ಏನರ ಹೇಳೋದಿತ್ತೇನ್ರಿ?" ಅಂದರು. "ಆರಾಮ ಇರ್ರಿ ಸರ್," ಎಂದೆ. ತಲೆಯಾಡಿಸಿ ಹೋದರು.

ಸುದ್ದಿ ತಿಳಿದು ಮೂರನೆಯ ದಿನ ಬಸವಕಲ್ಯಾಣಕ್ಕೆ ಹೋದೆ. ಭಾಭಿ, ಅಂದರೆ ಸರ್ ಅವರ ಹೆಂಡತಿ, ನನ್ನ ಕೈ ಹಿಡಿದು ಅತ್ತರು. ಟಾಕಿಯ ಕಥೆಯನ್ನು ಮತ್ತೆ ಹೇಳಿದರು. ನಗುತ್ತಾ ಹೇಳಿ, ನಡುವೆ ನಿಲ್ಲಿಸಿದರು. ಹೊರಡುವಾಗ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು.

"ಇದು ಬಾಯಿದು ಅದ, ಬಂದ್ರ ಕೊಡು ಅಂದಿದ್ರು. ನನಗ ಏನೂ ತಿಳೀವಲ್ದು. ಒಂದು ಕಲ್ಲು ಅದ ನೋಡ್ರಿ."

ಮುಚ್ಚಳ ತೆರೆದೆ. ಹತ್ತಿಯ ಮೇಲೆ ಏಳನೆಯ ನಂಬರಿನ ಕಲ್ಲು. ಬಣ್ಣ ಮಾಸಿತ್ತು, ಅಂಕಿ ಓದಲು ಬರುತ್ತಿತ್ತು. ನನ್ನ ಕೈ ಬೆವರಿತು. ಆ ಬೆವರನ್ನೂ ಕಲ್ಲು ಕುಡಿಯಿತು. ಬೆರಳಿನ ಗುರುತು ಮೂಡಿ, ನೋಡನೋಡುತ್ತಲೇ ಮಾಯವಾಯಿತು.

"ದುಬಲಗುಂಡಿ ಸವಿತಾನೂ ಬಂದಿದ್ಳು," ಅಂದರು ಭಾಭಿ. "ಭಾಳ ಅತ್ತಳು. ನನ್ನ ಕುರ್ತಾ ಹೊಲಿತಾಳ. ಮೂರು ವರ್ಷದ ಹಿಂದ, ಹೊಲಿಯಾಕಿ ದುಬಲಗುಂಡಿದಾಕಿ ಅಂತ ನಾ ಸುಮ್ನ ಅಂದೆ. ಮಾಸ್ತರ್ ಕೈಯಾಗಿನ ಚಾ ಬಿಟ್ಟು ಎದ್ದು ಹೋದ್ರು."

ಅವಳ ಓಣಿಯ ಗುರುತು ಕೇಳಿಕೊಂಡೆ, ಆದರೆ ಆ ದಿನ ಹೋಗಲಿಲ್ಲ. ಊರಿಗೆ ಬಂದೆ. ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಇಟ್ಟೆ. ಕೊಡ ತುಂಬಿಸುವಾಗ, ಅಕ್ಕಿ ತೊಳೆಯುವಾಗ, ಎಲ್ಲಿ ನೀರಿತ್ತೋ ಅಲ್ಲಿ ನನಗೆ ಆ ಗುಳ್ಳೆಗಳ ಸದ್ದು ಕೇಳತೊಡಗಿತು. ಕಲ್ಲು ಒಣಗಿಯೇ ಡಬ್ಬಿಯಲ್ಲಿತ್ತು. ಆದರೂ ಕೇಳುತ್ತಿತ್ತು.

ಹೋದ ಭಾನುವಾರ ಹೋದೆ. ಕಿರಿದಾದ ಓಣಿಯಲ್ಲಿ ಒಂದು ಕೋಣೆ, ಬಾಗಿಲಲ್ಲೇ ಹೊಲಿಗೆ ಯಂತ್ರ. ಸವಿತಾ ನನ್ನ ಗುರುತು ಹಿಡಿದಳು. "ಲ್ಯಾಬಿನ ಬಾಯಿ ಅಲ್ರಿ ನೀವು? ಬರ್ರಿ, ಒಳಗ ಬರ್ರಿ," ಎಂದು ಬಟ್ಟೆ ಸರಿಸಿ ಜಾಗ ಮಾಡಿದಳು. ಅವಳ ಮಗಳು ನೆಲದ ಮೇಲೆ ಕೂತು ಬರೆಯುತ್ತಿದ್ದಳು. ಸರ್ ಮಾತು ಬಂತು. ಸವಿತಾ ಯಂತ್ರದ ಖಾನೆಯಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು. ಹರಿದ ಅಂಚಿನ ರೆಕಾರ್ಡ್ ಪುಸ್ತಕದ ಹಾಳೆ. ಎರಡು ಪಾಯಿಂಟ್ ಎಂಟರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಗುರುತು, ಕೆಳಗೆ ಅವರ ಸಹಿ.

"ಈ ಹಾಳಿ ತಂದು ಕೊಟ್ಟು ಕೈ ಮುಗುದ್ರಿ ಅವರು ನನಗ. ಇಲ್ಲೇ, ಈ ಬಾಗಿಲದಾಗ. ನಾ ಮತ್ತ ಸಾಲಿಗಿ ಹೋಗೋದಂತೂ ಆಗಲಿಲ್ಲ. ಆದ್ರ ಕೈ ಮುಗುದ್ರು. ಅವತ್ತು ನಿನ್ನ ಕಲ್ಲು ನೆನಿ ಹಾಕೋದು ನಾನೇ ಮರ್ತಿದ್ದೆ ತಾಯಿ, ಅಂದ್ರು."

ನಾನೇ ಮರ್ತಿದ್ದೆ. ಅವರು ಆ ಬಕೀಟನ್ನು ಆ ವರ್ಷ ಮುಟ್ಟಿಯೇ ಇರಲಿಲ್ಲ.

"ಸರ್ ಅಲ್ಲವ್ವಾ," ಎಂದೆ. "ನಾ."

ಸವಿತಾ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಕಿಟಕಿಯ ಕಟ್ಟೆ, ನಳ, ಆರು ಮತ್ತು ಎಂಟರ ನಡುವಿನ ಜಾಗ, ಎಲ್ಲಾ ಇದ್ವು ಎಂದ ಸುಳ್ಳು. ಮಗಳು ಬರೆಯುವುದನ್ನು ನಿಲ್ಲಿಸಿದ್ದಳು. ಹೇಳಿ ಮುಗಿದ ಮೇಲೆ ನನಗೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಅವಳು ಹಾಳೆಯನ್ನು ಮೊದಲಿನಂತೆ ಮಡಚುತ್ತಾ ಕೇಳಿದಳು: "ಸರ್‌ಗಿ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಾ ಹೊರಗ ನಿಂತಾಗ ನಿಮಗ ಹೇಳೀನಿ, ನೀರು ಇಳೀತು ಅಂತ."

"ಹೇಳಿದ್ದಿ."

ಅವಳು ಎದ್ದಳು. ನನ್ನನ್ನು ಹೋಗು ಅನ್ನುತ್ತಾಳೆ ಎಂದುಕೊಂಡು ನಾನೂ ಎದ್ದೆ. ಅವಳು ಒಳಗೆ ಹೋಗಿ ಉಪ್ಪಿನಕಾಯಿಯ ಖಾಲಿ ಗಾಜಿನ ಬರಣಿ ತಂದಳು. ಅರ್ಧಕ್ಕಿಂತ ಮೇಲೆ ನೀರು ತುಂಬಿ ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟಳು. ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡು ಕೈಗೆತ್ತಿಕೊಂಡು, "ಹಾಕ್ರಿ," ಅಂದಳು.

ಡಬ್ಬಿ ತೆರೆದು ಕಲ್ಲನ್ನು ನೀರಿಗೆ ಇಳಿಸಿದೆ. ನೀರು ಏರಿತು. ಏರಿದ ಜಾಗಕ್ಕೆ ಅವಳು ಗಾಜಿನ ಹೊರಗೆ ಒಂದು ಗೆರೆ ಎಳೆದಳು. ಗುಳ್ಳೆಗಳು ಎದ್ದವು. ಹಲ್ಲಿನ ಸಂದಿಯಿಂದ ಬಿಟ್ಟ ಉಸಿರು. ಈ ಸಲ ಅದು ನನ್ನ ತಲೆಯೊಳಗಿನ ಸದ್ದಾಗಿರಲಿಲ್ಲ, ಮಗುವೂ ಕಿವಿ ಕೊಟ್ಟಿತು.

ನಾನು ನಿಂತೇ ನೋಡುತ್ತಿದ್ದೆ.

"ಹಾಂಗಲ್ರಿ ಬಾಯಿ," ಅಂದಳು ಸವಿತಾ. "ಕಣ್ಣು ಕೆಳಗ ತರ್ರಿ."

ಸೊಂಟ ಹಿಡಿದುಕೊಂಡು ಬಗ್ಗಿದೆ. ಗದ್ದ ಹಲಗೆಗೆ ತಾಗಿತು. ನೀರಿನ ಆಚೆ ಬದಿಯಲ್ಲಿ ಅವಳೂ ಬಗ್ಗಿದ್ದಳು. ಎಡಗಣ್ಣು ಮುಚ್ಚಿತ್ತು, ಬಲಗಣ್ಣು ತೆರೆದಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗೆರೆಯನ್ನು ನೋಡುತ್ತಿದ್ದಳು. ಗೆರೆಯ ಕೆಳಗೆ ನೀರು ಕೂದಲೆಳೆಯಷ್ಟು, ಆಮೇಲೆ ಒಂದು ದಾರದಷ್ಟು ಇಳಿದಿತ್ತು. ಇನ್ನೂ ಇಳಿಯುತ್ತಿತ್ತು.